ಮೊದಲು ತಂಗುವ ಊರು, ಆಮೇಲೆ ಚೀಲ

ಪ್ರಶ್ನೆ: ನಾನು ಶಿವಮೊಗ್ಗದವನು, ವಯಸ್ಸು 31. ಡಿಸೆಂಬರ್‌ನಲ್ಲಿ ಒಂಬತ್ತು ದಿನ ರಜೆ ಸಿಗುತ್ತದೆ. ಒಬ್ಬನೇ ಸೈಕಲ್ಲಿನಲ್ಲಿ ತೀರ್ಥಹಳ್ಳಿ, ಆಗುಂಬೆ ಮಾರ್ಗವಾಗಿ ಘಟ್ಟ ಇಳಿದು, ಕರಾವಳಿಯಲ್ಲಿ ಸ್ವಲ್ಪ ದೂರ ಸಾಗಿ, ಕೊಲ್ಲೂರಿನ ಕಡೆಯಿಂದ ಮತ್ತೆ ಘಟ್ಟ ಹತ್ತಿ, ಜೋಗ ನೋಡಿಕೊಂಡು ಮನೆಗೆ ಮರಳಬೇಕೆಂದಿದ್ದೇನೆ. ನನ್ನದು ಮುಂದೆ ಮೂರು, ಹಿಂದೆ ಎಂಟು ಗೇರ್ ಇರುವ, ಡಿಸ್ಕ್ ಬ್ರೇಕಿನ ಹೈಬ್ರಿಡ್ ಸೈಕಲ್. ಟೆಂಟ್, ಸ್ಲೀಪಿಂಗ್ ಬ್ಯಾಗ್, ಗ್ಯಾಸ್ ಒಲೆ, ಬಟ್ಟೆ, ರಿಪೇರಿ ಸಾಮಾನು ಎಲ್ಲ ಸೇರಿಸಿ ತೂಗಿದರೆ 22 ಕೆ.ಜಿ. ಬಂತು. ಇದರಲ್ಲಿ ಯಾವುದನ್ನು ಬಿಡಬೇಕು, ಯಾವುದನ್ನು ಬಿಡಲೇಬಾರದು? ಮನೆಯಲ್ಲಿ, ಅದರಲ್ಲೂ ಅಮ್ಮ, ಒಬ್ಬನೇ ಹೋಗುವುದು ಬೇಡವೆನ್ನುತ್ತಿದ್ದಾರೆ. ಅವರಿಗೆ ಏನು ಹೇಳಲಿ?

ಉತ್ತರ: ನೀವು ಆರಿಸಿಕೊಂಡಿರುವ ದಾರಿ ಒಳ್ಳೆಯದು, ಕಾಲವೂ ಒಳ್ಳೆಯದು. ಆದರೆ ಕೆಲಸದ ಕ್ರಮ ತಿರುಗುಮುರುಗಾಗಿದೆ. ನೀವು ಮೊದಲು ಸಾಮಾನು ಕೂಡಿಸಿ, ಆಮೇಲೆ ಅದರಲ್ಲಿ ಏನನ್ನು ಬಿಡಲಿ ಎಂದು ಕೇಳುತ್ತಿದ್ದೀರಿ. ಪ್ರತಿ ರಾತ್ರಿ ಎಲ್ಲಿ ಮಲಗುತ್ತೀರಿ ಎಂಬುದು ಮೊದಲು ತೀರ್ಮಾನವಾಗಬೇಕು. ಅದು ತೀರ್ಮಾನವಾದರೆ ನಿಮ್ಮ ಪಟ್ಟಿಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೂಕ ತಾನಾಗಿಯೇ ಇಳಿಯುತ್ತದೆ. ಏಕೆಂದರೆ ಟೆಂಟ್, ಸ್ಲೀಪಿಂಗ್ ಬ್ಯಾಗ್, ಚಾಪೆ, ಒಲೆ, ಗ್ಯಾಸ್, ಪಾತ್ರೆ, ಅಡುಗೆಯ ದಿನಸಿ ಇವೆಲ್ಲ ರಾತ್ರಿಯ ಸಾಮಾನುಗಳೇ ಹೊರತು ಸವಾರಿಯ ಸಾಮಾನುಗಳಲ್ಲ. ಇವಿಷ್ಟೇ ಸೇರಿ ಸುಲಭವಾಗಿ ಏಳೆಂಟು ಕೆ.ಜಿ. ಆಗುತ್ತವೆ.

ನಿಮ್ಮ ದಾರಿಯನ್ನು ದಿನಗಳಿಗೆ ಹಂಚಿ ನೋಡೋಣ. ಮೊದಲ ದಿನ ಶಿವಮೊಗ್ಗದಿಂದ ಗಾಜನೂರು, ಸಕ್ರೆಬೈಲು, ಮಂಡಗದ್ದೆ ದಾಟಿ ತೀರ್ಥಹಳ್ಳಿ, ಸುಮಾರು 60 ಕಿ.ಮೀ. ಎರಡನೆಯ ದಿನ ತೀರ್ಥಹಳ್ಳಿಯಿಂದ ಆಗುಂಬೆ, 30 ಕಿ.ಮೀ.ಗಿಂತ ಸ್ವಲ್ಪ ಹೆಚ್ಚು. ಇಷ್ಟು ಕಡಿಮೆಯೇ ಎನ್ನಿಸಬಹುದು, ಆದರೆ ಹೊರೆ ಹೊತ್ತ ಸವಾರಿಯ ಎರಡನೆಯ ದಿನವೇ ಕೂರುವ ಜಾಗ, ಮಣಿಕಟ್ಟು, ಮಂಡಿ ಮೂರೂ ದೂರು ಹೇಳಲು ಆರಂಭಿಸುತ್ತವೆ. ಆ ದಿನ ಬೇಗ ಮುಗಿಯುವುದು ಒಳ್ಳೆಯದು. ಮೂರನೆಯ ದಿನ ಬೆಳಗ್ಗೆ ಘಾಟಿ ಇಳಿದು, ಸೋಮೇಶ್ವರ, ಹೆಬ್ರಿ ಮೂಲಕ ಉಡುಪಿ, 55 ಕಿ.ಮೀ. ಆಸುಪಾಸು. ನಾಲ್ಕನೆಯ ದಿನ ಕುಂದಾಪುರ, ಐದನೆಯ ದಿನ ಕೊಲ್ಲೂರು. ಇವೆರಡೂ 40 ಕಿ.ಮೀ. ಆಜುಬಾಜಿನ ಸಣ್ಣ ದಿನಗಳು. ಆರನೆಯ ದಿನ ನಾಗೋಡಿಯ ಘಾಟಿ ಹತ್ತಿ ನಿಟ್ಟೂರು, ನಗರ ದಾಟಿ ಹೊಸನಗರ. ಇದು ಇಡೀ ಪ್ರವಾಸದ ಕಠಿಣ ದಿನ. ಏಳನೆಯ ದಿನ ಸಾಗರ, ಎಂಟನೆಯ ದಿನ ಚೀಲಗಳನ್ನು ಸಾಗರದ ರೂಮಿನಲ್ಲಿಟ್ಟು ಖಾಲಿ ಸೈಕಲ್ಲಿನಲ್ಲಿ ಜೋಗಕ್ಕೆ ಹೋಗಿ ಬರುವುದು, ಒಂಬತ್ತನೆಯ ದಿನ ಆನಂದಪುರ, ಕುಂಸಿ, ಆಯನೂರಿನ ಮೇಲೆ ಸುಮಾರು 70 ಕಿ.ಮೀ. ತುಳಿದು ಮನೆ.

ಈ ಹಂಚಿಕೆಯಲ್ಲಿ ಎಂಟನೆಯ ದಿನವನ್ನು ಉದ್ದೇಶಪೂರ್ವಕವಾಗಿಯೇ ಬಿಟ್ಟುಕೊಡಬಹುದಾದ ದಿನವಾಗಿ ಇಟ್ಟಿದ್ದೇನೆ. ಎಲ್ಲೋ ಒಂದು ಕಡೆ ಮಳೆ ಹಿಡಿದುಕೊಂಡರೆ, ಹೊಟ್ಟೆ ಕೆಟ್ಟರೆ, ಸೈಕಲ್ ರಿಪೇರಿಗೆ ನಿಂತರೆ ಜೋಗವನ್ನು ಕೈಬಿಟ್ಟು ಆ ದಿನವನ್ನು ಬಳಸಿಕೊಳ್ಳಿ. ಜೋಗ ನಿಮ್ಮ ಜಿಲ್ಲೆಯಲ್ಲೇ ಇದೆ. ಮಳೆಗಾಲದ ನಂತರ ಲಿಂಗನಮಕ್ಕಿಯಲ್ಲಿ ನೀರು ಹಿಡಿಯುವುದರಿಂದ ಡಿಸೆಂಬರ್‌ನಲ್ಲಿ ಅಲ್ಲಿ ಧಾರೆಯೂ ಸಣ್ಣದು. ಒಬ್ಬರೇ ಹೋಗುವಾಗ ಹೀಗೆ ಬಿಟ್ಟುಕೊಡಲು ಒಂದು ದಿನವಿಲ್ಲದ ಯೋಜನೆಯನ್ನು ನಾನು ಯೋಜನೆಯೆಂದೇ ಒಪ್ಪುವುದಿಲ್ಲ. ತಡವಾದ ದಿನವನ್ನು ಹಿಡಿಯಲು ಸಂಜೆ ಕತ್ತಲಲ್ಲಿ ತುಳಿಯುವಾಗಲೇ ಅಪಘಾತಗಳಾಗುವುದು.

ದಿಕ್ಕಿನ ಬಗ್ಗೆ ಒಂದು ಮಾತು. ಆಗುಂಬೆಯಲ್ಲಿ ಇಳಿದು ಕೊಲ್ಲೂರಿನಲ್ಲಿ ಹತ್ತುವ ನಿಮ್ಮ ಆಯ್ಕೆಯನ್ನು ಬದಲಿಸಬೇಡಿ. ಆಗುಂಬೆಯ 14 ತಿರುವುಗಳು ಕಡಿದಾದವು, ಕಿರಿದಾದವು. ಅಲ್ಲಿ ಬೇಕಾದದ್ದು ಹೊಸ ಬ್ರೇಕ್ ಮತ್ತು ತಾಜಾ ಗಮನ, ಮೂರನೆಯ ದಿನ ನಿಮ್ಮಲ್ಲಿ ಎರಡೂ ಇರುತ್ತವೆ. ಮೇಲೆ ಹತ್ತುವ ದಿನ ಬೇಕಾದದ್ದು ಪಳಗಿದ ಕಾಲು. ಐದು ದಿನ ತುಳಿದ ಮೇಲೆ ಅದು ಬಂದಿರುತ್ತದೆ, ಅದರ ಹಿಂದಿನ ಎರಡು ದಿನಗಳು ಸಣ್ಣವಾಗಿರುವುದರಿಂದ ವಿಶ್ರಾಂತಿಯೂ ಸಿಕ್ಕಿರುತ್ತದೆ. ಘಟ್ಟದ ಮೇಲೆ ಹೊಸನಗರಕ್ಕೆ ಹೋಗುವ ಬದಲು ಸಿಗಂದೂರಿನ ಕಡೆ ಹೊರಳುವ ದಾರಿಯೂ ಈಗ ಅನುಕೂಲವಾಗಿದೆ. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಶರಾವತಿ ಹಿನ್ನೀರು ದಾಟಲು ಲಾಂಚಿಗಾಗಿ ಕಾಯಬೇಕಾಗಿಲ್ಲ, ತುಮರಿಯ ಕಡೆಯಿಂದ ನೇರವಾಗಿ ಸಾಗರಕ್ಕೆ ಬರಬಹುದು. ಆದರೂ ನಾನಾಗಿದ್ದರೆ ಹೊಸನಗರದ ದಾರಿಯನ್ನೇ ಹಿಡಿಯುತ್ತೇನೆ. ಅದರಲ್ಲಿ ನಡುನಡುವೆ ಊರುಗಳು ಹೆಚ್ಚು, ಬಸ್ಸುಗಳು ಹೆಚ್ಚು. ಒಂದು ಕಾಲದಲ್ಲಿ ಕೆಳದಿ ಅರಸರ ರಾಜಧಾನಿಯಾಗಿದ್ದು 1763ರಲ್ಲಿ ಹೈದರಾಲಿಯ ವಶವಾದ ಬಿದನೂರಿನ ಕೋಟೆ ಈಗ ನಗರ ಎನ್ನುವ ಊರಿನಲ್ಲಿ ರಸ್ತೆಯ ಪಕ್ಕದಲ್ಲೇ ಸಿಗುತ್ತದೆ, ಏರಿನ ದಿನ ಅರ್ಧ ಗಂಟೆ ಕೂರಲು ಅದಕ್ಕಿಂತ ಒಳ್ಳೆಯ ಜಾಗ ಬೇಡ.

ಈಗ ರಾತ್ರಿಯ ವಿಷಯ. ಮೇಲೆ ಹೇಳಿದ ಎಲ್ಲ ಊರುಗಳಲ್ಲಿ ಲಾಡ್ಜ್, ಯಾತ್ರಿನಿವಾಸ ಅಥವಾ ಹೋಮ್‌ಸ್ಟೇ ಸಿಗುತ್ತವೆ. ಆದ್ದರಿಂದ ಟೆಂಟ್ ಅಗತ್ಯವಿಲ್ಲ. ಅಗತ್ಯವಿಲ್ಲ ಎನ್ನುವುದಷ್ಟೇ ಅಲ್ಲ, ಮಲೆನಾಡಿನಲ್ಲಿ ಡಿಸೆಂಬರ್‌ನಿಂದ ಮೇ ತನಕ ಕಾಡಿನಲ್ಲಿ ಟೆಂಟ್ ಹಾಕಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಅದಕ್ಕೆ ಎರಡು ಕಾರಣ. ಮೊದಲನೆಯದು ಕಾನೂನು: ಮೀಸಲು ಅರಣ್ಯದಲ್ಲಿ ಅನುಮತಿಯಿಲ್ಲದೆ ಬೀಡುಬಿಡುವುದು ಅಪರಾಧ, ನೀವು ಹೋಗುವ ದಾರಿಯ ಎರಡೂ ಬದಿಯ ಕಾಡಿನ ಬಹುಪಾಲು ಅರಣ್ಯ ಇಲಾಖೆಗೆ ಸೇರಿದ್ದು. ಎರಡನೆಯದು ಮಂಗನ ಕಾಯಿಲೆ.

ಶಿವಮೊಗ್ಗದವರಾದ ನಿಮಗೆ ಈ ಕಾಯಿಲೆಯ ಹೆಸರು ಹೊಸದಲ್ಲ, ಆದರೆ ಪ್ರವಾಸದ ಪಟ್ಟಿ ಬರೆಯುವಾಗ ಅದು ಯಾರ ನೆನಪಿಗೂ ಬರುವುದಿಲ್ಲ. 1957ರಲ್ಲಿ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಈ ಜ್ವರವನ್ನು ಹರಡುವುದು ಉಣುಗು. ಮಳೆ ನಿಂತು ಕಾಡಿನ ತರಗೆಲೆ ಒಣಗುವ ಹೊತ್ತಿಗೆ ಗಸಗಸೆಯಷ್ಟು ಸಣ್ಣ ಮರಿ ಉಣುಗುಗಳು ಎಲೆಗಳ ಮೇಲೆ ಹತ್ತಿ ಕಾಯುತ್ತವೆ. ಮೈಗೆ ಹತ್ತಿದ್ದು ಗೊತ್ತಾಗುವುದೇ ಇಲ್ಲ. ತರಗೆಲೆಯ ಮೇಲೆ ಟೆಂಟ್ ಹಾಸಿ ಮಲಗುವುದೆಂದರೆ ಅವುಗಳ ನಡುವೆಯೇ ಹಾಸಿಗೆ ಹಾಸಿದಂತೆ. ಟೆಂಟ್ ಬಿಟ್ಟರೂ ಎಚ್ಚರ ಬಿಡುವಂತಿಲ್ಲ. ದಣಿವಾರಿಸಿಕೊಳ್ಳಲು ರಸ್ತೆಬದಿಯ ತರಗೆಲೆಯ ಮೇಲೆ ಕೂರಬೇಡಿ, ಸೇತುವೆಯ ಕಟ್ಟೆಯ ಮೇಲೋ ಬಸ್ ನಿಲ್ದಾಣದ ಬೆಂಚಿನ ಮೇಲೋ ಕೂರಿ. ಮೂತ್ರಕ್ಕೆಂದು ಕಾಡಿನೊಳಗೆ ಇಳಿಯಬೇಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಮುಂದಿನ ಊರಿನಲ್ಲಿ ಆರೋಗ್ಯ ಇಲಾಖೆಯವರಿಗೋ ಪಂಚಾಯಿತಿಗೋ ತಿಳಿಸಿ. ಕಾಯಿಲೆ ಕಾಣಿಸಿಕೊಂಡ ಊರುಗಳಲ್ಲಿ ಆರೋಗ್ಯ ಇಲಾಖೆ ಉಣುಗು ಹತ್ತದಂತೆ ಮೈಗೆ ಹಚ್ಚಿಕೊಳ್ಳಲು ಡೇಪಾ ಎಣ್ಣೆ ಕೊಡುತ್ತದೆ. ಹೊರಡುವ ಮೊದಲು ನಿಮ್ಮ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ ನೋಡಿ. ಪ್ರತಿ ಸಂಜೆ ಬಿಸಿನೀರು ಮತ್ತು ಸೋಪು ಹಾಕಿ ಸ್ನಾನ ಮಾಡಿ, ಮಂಡಿಯ ಹಿಂಭಾಗ, ತೊಡೆಯ ಸಂದು, ಕಂಕುಳು, ಸೊಂಟದ ಸುತ್ತ ಬೆರಳಾಡಿಸಿ ನೋಡಿಕೊಳ್ಳಿ. ಉಣುಗು ಕಚ್ಚಿಕೊಂಡಿದ್ದರೆ ಸೀಮೆಎಣ್ಣೆ, ಬೆಂಕಿಕಡ್ಡಿ ಎಂದು ಹೋಗದೆ ಚೂಪು ಮೂತಿಯ ಚಿಮುಟದಿಂದ ಚರ್ಮಕ್ಕೆ ಹತ್ತಿಕೊಂಡಂತೆ ಹಿಡಿದು ನೇರವಾಗಿ ಮೇಲಕ್ಕೆಳೆಯಿರಿ. ಮರಳಿ ಬಂದ ಮೇಲೆ ಎರಡು ವಾರದೊಳಗೆ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಮಲೆನಾಡಿನ ಕಾಡಿನ ದಾರಿಯಲ್ಲಿ ಸೈಕಲ್ ತುಳಿದಿದ್ದೆ ಎಂಬುದನ್ನು ವೈದ್ಯರಿಗೆ ಮೊದಲು ಹೇಳಿ.

ಇಂಬಳದ ಚಿಂತೆ ಡಿಸೆಂಬರ್‌ನಲ್ಲಿ ಬೇಡ, ಅದು ಮಳೆಗಾಲದ ಕಾಟ.

ಲಾಡ್ಜಿನ ವಿಷಯದಲ್ಲಿ ಒಬ್ಬರೇ ಹೋಗುವವರಿಗೆ ಎದುರಾಗುವ ನಿಜವಾದ ತೊಡಕು ಬೇರೆ. ಯಾತ್ರಾಸ್ಥಳಗಳಲ್ಲಿ, ಸಣ್ಣ ಊರುಗಳಲ್ಲಿ ‘ಒಬ್ಬರಿಗೆ ರೂಮು ಕೊಡುವುದಿಲ್ಲ’ ಎನ್ನುವವರಿದ್ದಾರೆ. ಅವರ ಅಂಜಿಕೆ ಅವರಿಗೆ. ಸಂಜೆ ಐದು ಗಂಟೆಗೆ ಬೆವರಿ ಬಂದು ನಿಂತಾಗ ವಾದ ಮಾಡಿ ಉಪಯೋಗವಿಲ್ಲ. ಹಿಂದಿನ ದಿನವೇ ಫೋನ್ ಮಾಡಿ, ನೀವು ಶಿವಮೊಗ್ಗದವರು, ಸೈಕಲ್ಲಿನಲ್ಲಿ ಬರುತ್ತಿದ್ದೀರಿ, ಒಬ್ಬರೇ ಇದ್ದೀರಿ ಎಂದು ಸ್ಪಷ್ಟವಾಗಿ ಹೇಳಿ ಒಪ್ಪಿಸಿಕೊಳ್ಳಿ. ಸೈಕಲ್ಲನ್ನು ಒಳಗೆ ಇಡಲು ಜಾಗವಿದೆಯೇ ಎಂದೂ ಆಗಲೇ ಕೇಳಿ. ಆಧಾರ್ ಕಾರ್ಡಿನ ಮೂಲ ಪ್ರತಿ ಜೊತೆಯಲ್ಲಿರಲಿ. ಡಿಸೆಂಬರ್ ಕೊನೆಯ ವಾರವನ್ನು ತಪ್ಪಿಸಿದರೆ ಇನ್ನೂ ಒಳ್ಳೆಯದು. ಕ್ರಿಸ್‌ಮಸ್ ರಜೆ, ಶಾಲಾ ಪ್ರವಾಸ, ಅಯ್ಯಪ್ಪ ಮಾಲೆ ಹಾಕಿದವರ ವಾಹನಗಳು ಎಲ್ಲವೂ ಆಗ ಒಟ್ಟಿಗೆ ಬರುತ್ತವೆ. ಉಡುಪಿ, ಕೊಲ್ಲೂರುಗಳಲ್ಲಿ ರೂಮು ಸಿಗುವುದೂ ಕಷ್ಟ, ಘಾಟಿಯಲ್ಲಿ ನೆಮ್ಮದಿಯಾಗಿ ಸೈಕಲ್ ಹೊಡೆಯುವುದೂ ಕಷ್ಟ.

ಅಡುಗೆಯ ಒಲೆಯನ್ನೂ ಬಿಡಿ. ಈ ದಾರಿಯಲ್ಲಿ ಎರಡು ಗಂಟೆ ತುಳಿದರೆ ಒಂದು ಹೋಟೆಲು ಸಿಗದ ಜಾಗ ಕಡಿಮೆ. ಕಡುಬು, ಅಕ್ಕಿರೊಟ್ಟಿ, ನೀರುದೋಸೆ ಸಿಗುವ ಸೀಮೆಯಲ್ಲಿ ನೂಡಲ್ಸ್ ಬೇಯಿಸಿಕೊಂಡು ತಿನ್ನುವುದೇಕೆ? ಎರಡು ಘಾಟಿಗಳ ದಿನ ಮಾತ್ರ ಚೀಲದಲ್ಲಿ ಒಂದು ಹೊತ್ತಿನ ಬುತ್ತಿ ಇರಲಿ: ಬಾಳೆಹಣ್ಣು, ಶೇಂಗಾ ಚಿಕ್ಕಿ, ಹಿಂದಿನ ರಾತ್ರಿಯ ಹೋಟೆಲಿನಲ್ಲಿ ಕಟ್ಟಿಸಿಕೊಂಡ ಚಪಾತಿ. ನೀರಿಗೆ ಸೈಕಲ್ಲಿನ ಮೇಲೆ ಎರಡು ಬಾಟಲಿ, ಚೀಲದಲ್ಲಿ ಒಂದು ಲೀಟರ್ ಸಾಕು. ಕರಾವಳಿಯ ಮಧ್ಯಾಹ್ನದಲ್ಲಿ ಬೆವರು ಧಾರೆಯಾಗಿ ಹೋಗುತ್ತದೆ, ಬರೀ ನೀರು ಕುಡಿದರೆ ಸಾಲದು. ಓಆರ್‌ಎಸ್ ಪೊಟ್ಟಣ ಮುಗಿದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟಸ ಟೀಚಮಚ ಸಕ್ಕರೆ, ಅರ್ಧ ಟೀಚಮಚ ಉಪ್ಪು ಹಾಕಿಕೊಳ್ಳಿ. ಉಪ್ಪಿನ ಅಳತೆ ಮೀರಬಾರದು.

ಇಷ್ಟಾದರೆ ನಿಮ್ಮ 22 ಕೆ.ಜಿ. ಹದಿನಾಲ್ಕಕ್ಕೆ ಬಂದಿರುತ್ತದೆ, ಬಟ್ಟೆಯಲ್ಲಿ ಇನ್ನೂ ಮೂರ್ನಾಲ್ಕು ಕೆ.ಜಿ. ಇಳಿಯಬೇಕು. ತೂಕ ಇಳಿಸಿ ಎಂದು ಎಲ್ಲರೂ ಹೇಳುತ್ತಾರೆ, ಏಕೆ ಎಂಬುದನ್ನು ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ನಿಮ್ಮ ತೂಕ 70 ಕೆ.ಜಿ., ಸೈಕಲ್ 15 ಕೆ.ಜಿ. ಎಂದಿಟ್ಟುಕೊಳ್ಳೋಣ. 10 ಕೆ.ಜಿ. ಹೊರೆಯಾದರೆ ಒಟ್ಟು 95, 22 ಕೆ.ಜಿ. ಹೊರೆಯಾದರೆ 107. ಕಡಿದಾದ ಏರಿನಲ್ಲಿ ಶ್ರಮ ಹೆಚ್ಚುಕಡಿಮೆ ಒಟ್ಟು ತೂಕಕ್ಕೆ ಅನುಗುಣವಾಗಿರುತ್ತದೆ. ಅಂದರೆ ಅದೇ ಶಕ್ತಿಯಲ್ಲಿ ತುಳಿದರೆ ಒಂದೂವರೆ ಗಂಟೆಯ ಏರು ಹತ್ತು ಹನ್ನೊಂದು ನಿಮಿಷ ಹೆಚ್ಚು ಹಿಡಿಯುತ್ತದೆ. ಅದೇನೂ ದೊಡ್ಡ ನಷ್ಟವಲ್ಲ. ದೊಡ್ಡ ನಷ್ಟ ಆಗುವುದು ಹಿಂದಿನ ಚಕ್ರಕ್ಕೆ ಮತ್ತು ಬ್ರೇಕಿಗೆ. ಅಂಗಡಿಯಿಂದ ತಂದ ಹೈಬ್ರಿಡ್ ಸೈಕಲ್ಲಿನ ಹಿಂದಿನ ಚಕ್ರವನ್ನು ಸವಾರನೊಬ್ಬನ ತೂಕಕ್ಕೆ ಕಟ್ಟಿರುತ್ತಾರೆ. ಅದರ ಮೇಲೆ ಇಡೀ ಹೊರೆಯನ್ನು ಹೇರಿ ಗುಂಡಿಗಳಲ್ಲಿ ಇಳಿಸಿ ಹತ್ತಿಸಿದಾಗ ಕಡ್ಡಿ ಮುರಿಯುತ್ತದೆ, ಸಾಮಾನ್ಯವಾಗಿ ಚೈನಿನ ಕಡೆಯದೇ ಮುರಿಯುತ್ತದೆ. ಆ ಕಡೆಯ ಕಡ್ಡಿ ಬದಲಿಸಲು ಹಿಂದಿನ ಗೇರಿನ ಗುಚ್ಛವನ್ನೇ ಬಿಚ್ಚಬೇಕು, ಅದರ ಸಾಧನ ಹಳ್ಳಿಯ ಸೈಕಲ್ ಶಾಪಿನಲ್ಲಿ ಇರುವುದಿಲ್ಲ. ಆದ್ದರಿಂದ ಹೊರಡುವ ಎರಡು ವಾರ ಮೊದಲು ಶಿವಮೊಗ್ಗದಲ್ಲೇ ಒಳ್ಳೆಯ ಮೆಕ್ಯಾನಿಕ್ ಹತ್ತಿರ ಎರಡೂ ಚಕ್ರದ ಬೆಂಡು ತೆಗೆಸಿ, ಕಡ್ಡಿಗಳ ಬಿಗಿ ಸಮನಾಗಿ ಮಾಡಿಸಿ. ನಿಮ್ಮ ಇಡೀ ಖರ್ಚಿನಲ್ಲಿ ಇದಕ್ಕಿಂತ ಸಾರ್ಥಕವಾದ ಖರ್ಚು ಇನ್ನೊಂದಿರಲಾರದು. ದಾರಿಯಲ್ಲಿ ಒಂದು ಕಡ್ಡಿ ಮುರಿದೇ ಹೋದರೆ ಅದನ್ನು ಪಕ್ಕದ ಕಡ್ಡಿಗೆ ಸುತ್ತಿ ಟೇಪು ಹಚ್ಚಿ, ಅಕ್ಕಪಕ್ಕದ ಕಡ್ಡಿಗಳನ್ನು ಸ್ವಲ್ಪ ಸಡಿಲಿಸಿ, ಚಕ್ರ ಫ್ರೇಮಿಗೆ ತಾಗದಂತೆ ನೋಡಿಕೊಂಡು ನಿಧಾನವಾಗಿ ಮುಂದಿನ ಊರು ಸೇರಬಹುದು. ಡಿಸ್ಕ್ ಬ್ರೇಕ್ ಆದ್ದರಿಂದ ರಿಮ್ಮು ಸ್ವಲ್ಪ ಓಲಾಡಿದರೂ ಬ್ರೇಕ್ ಕೆಲಸ ಮಾಡುತ್ತದೆ.

ಗೇರಿನ ಬಗ್ಗೆ ನೀವು ಕೇಳಿಲ್ಲ, ಆದರೆ ಏರಿನಲ್ಲಿ ಹೊರೆಗಿಂತ ಮುಖ್ಯವಾದದ್ದು ಅದೇ. ನಿಮ್ಮ ಸೈಕಲ್ಲಿನ ಮುಂದಿನ ಅತಿ ಸಣ್ಣ ಹಲ್ಲುಚಕ್ರದ ಹಲ್ಲು ಎಣಿಸಿ, ಹಿಂದಿನ ಅತಿ ದೊಡ್ಡದರದ್ದೂ ಎಣಿಸಿ. ಮುಂದೆ 28, ಹಿಂದೆ 32 ಇದ್ದರೆ ನಿಮಿಷಕ್ಕೆ 60 ಸುತ್ತು ತುಳಿದಾಗ ವೇಗ ಗಂಟೆಗೆ ಸುಮಾರು 7 ಕಿ.ಮೀ.; ಮಂಡಿಗೆ ನೋವಾಗದಂತೆ ಘಾಟಿ ಹತ್ತಲು ಇದು ಸಾಕು. ಹಿಂದೆ 34 ಹಲ್ಲಿನದನ್ನು ಹಾಕಲು ನಿಮ್ಮ ಡಿರೇಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) ಒಪ್ಪುವುದಾದರೆ ವೇಗ 6.5ಕ್ಕೆ ಇಳಿದು ಕಾಲಿಗೆ ಇನ್ನಷ್ಟು ಹಗುರವಾಗುತ್ತದೆ. ಮುಂದಿನ ಸಣ್ಣ ಚಕ್ರವೇ 34 ಅಥವಾ ಅದಕ್ಕಿಂತ ಹೆಚ್ಚು ಹಲ್ಲಿನದಾಗಿದ್ದರೆ ಮಾತ್ರ ಈಗಲೇ ಬದಲಿಸಿಕೊಳ್ಳಿ. ಏರಿನಲ್ಲಿ ಇಳಿದು ತಳ್ಳುವುದರಲ್ಲಿ ಯಾವ ಅವಮಾನವೂ ಇಲ್ಲ, ಆದರೆ ಹೊರೆಯ ಸೈಕಲ್ ತಳ್ಳುವಾಗ ಸೊಂಟಕ್ಕೆ ಬೀಳುವ ಒತ್ತಡ ತುಳಿಯುವುದಕ್ಕಿಂತ ಹೆಚ್ಚು.

ರಿಪೇರಿ ಸಾಮಾನಿಗೆ ನನ್ನ ನಿಯಮ ಒಂದೇ: ದಾರಿಯಲ್ಲಿ ಸಿಗದಿರುವುದನ್ನು ಒಯ್ಯಿರಿ, ಸಿಗುವುದಕ್ಕೆ ದುಡ್ಡು ಒಯ್ಯಿರಿ. ತೀರ್ಥಹಳ್ಳಿ, ಸಾಗರದಂಥ ಊರುಗಳ ಸೈಕಲ್ ಶಾಪಿನವರು ಪಂಕ್ಚರ್ ಹಾಕುತ್ತಾರೆ, ಬೆಂಡು ತೆಗೆಯುತ್ತಾರೆ, ನಟ್ಟು ಬೋಲ್ಟು ಕೊಡುತ್ತಾರೆ, ಅವರ ಕೈಯ ಅನುಭವವೂ ದೊಡ್ಡದು. ಆದರೆ ನಿಮ್ಮ ಅಳತೆಯ ಟ್ಯೂಬು, ಎಂಟು ಗೇರಿನ ಚೈನಿನ ಕೂಡುಕೊಂಡಿ, ನಿಮ್ಮ ಬ್ರೇಕಿಗೆ ಹೊಂದುವ ಡಿಸ್ಕ್ ಪ್ಯಾಡ್, ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ಈ ನಾಲ್ಕು ಅಲ್ಲಿ ಸಿಗುವ ಭರವಸೆ ಇಲ್ಲ. ಆದ್ದರಿಂದ ಎರಡು ಟ್ಯೂಬು, ಎರಡು ಕೂಡುಕೊಂಡಿ, ಒಂದು ಜೊತೆ ಪ್ಯಾಡ್, ಒಂದು ಹ್ಯಾಂಗರ್ ನಿಮ್ಮಲ್ಲಿರಬೇಕು. ಜೊತೆಗೆ ಪಂಪು, ಟೈರ್ ಲಿವರ್, ಪ್ಯಾಚ್ ಮತ್ತು ಸಲ್ಯೂಷನ್, ಚೈನ್ ಕತ್ತರಿಸುವ ಸಾಧನವಿರುವ ಅಲೆನ್ ಕೀ ಗೊಂಚಲು, ಒಂದು ಗೇರ್ ಕೇಬಲ್, ಒಂದು ಬ್ರೇಕ್ ಕೇಬಲ್, ಸಣ್ಣ ಬಾಟಲಿಯಲ್ಲಿ ಚೈನ್ ಎಣ್ಣೆ, ಹತ್ತಾರು ಪ್ಲಾಸ್ಟಿಕ್ ಟೈಗಳು. ಪಂಪಿನ ಮೂತಿ ನಿಮ್ಮ ಟ್ಯೂಬಿನ ವಾಲ್ವಿಗೆ ಕೂರುತ್ತದೆಯೇ ಎಂದು ಮನೆಯಲ್ಲೇ ಗಾಳಿ ಬಿಟ್ಟು, ಮತ್ತೆ ತುಂಬಿ ನೋಡಿ. ಪಂಕ್ಚರ್ ಆದಾಗ ಟ್ಯೂಬ್ ಬದಲಿಸುವ ಮೊದಲು ಟೈರಿನ ಒಳಮೈಗೆ ಬೆರಳಾಡಿಸಿ. ಹೆದ್ದಾರಿಯಲ್ಲಿ, ಅದರಲ್ಲೂ ಉಡುಪಿ–ಕುಂದಾಪುರದ ನಡುವೆ, ಲಾರಿ ಟೈರುಗಳು ಸಿಡಿದಾಗ ಉದುರಿದ ಕೂದಲೆಳೆಯ ಉಕ್ಕಿನ ತಂತಿ ಚುಚ್ಚಿಕೊಂಡಿರುತ್ತದೆ, ಅದನ್ನು ತೆಗೆಯದಿದ್ದರೆ ಹೊಸ ಟ್ಯೂಬಿಗೂ ಅದೇ ಗತಿ.

ಇನ್ನೊಂದು ಸಣ್ಣ ವಸ್ತು ಕ್ಯಾರಿಯರಿನ ಬೋಲ್ಟು. ಚೀಲಗಳ ಭಾರವೆಲ್ಲ ನಿಲ್ಲುವುದು ಕಿರುಬೆರಳಿಗಿಂತ ಸಪೂರವಾದ ನಾಲ್ಕು ಬೋಲ್ಟುಗಳ ಮೇಲೆ. ರಸ್ತೆಯ ಅದುರುವಿಕೆಗೆ ಅವು ಸ್ವಲ್ಪ ಸ್ವಲ್ಪವೇ ಸಡಿಲವಾಗಿ, ಒಂದು ಉದುರಿದ ಮೇಲೆ ಉಳಿದವು ಬೇಗ ತುಂಡಾಗುತ್ತವೆ. ಪ್ರತಿ ಬೆಳಗ್ಗೆ ಚೀಲ ಏರಿಸುವ ಮುನ್ನ ಅಲೆನ್ ಕೀ ಹಾಕಿ ನಾಲ್ಕನ್ನೂ ಮುಟ್ಟಿ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಅದೇ ಅಳತೆಯ ಎರಡು ಬೋಲ್ಟನ್ನು ಪ್ಲಾಸ್ಟಿಕ್ ಟೈಗಳ ಜೊತೆ ಕಟ್ಟಿಡಿ.

ಬಟ್ಟೆಯ ವಿಷಯದಲ್ಲಿ ಜೀನ್ಸ್, ದಪ್ಪ ಹತ್ತಿಯ ಅಂಗಿ, ದೊಡ್ಡ ಟರ್ಕಿ ಟವೆಲ್ ಮೂರನ್ನೂ ಮನೆಯಲ್ಲಿ ಬಿಡಿ. ಡಿಸೆಂಬರ್‌ನಲ್ಲಿ ಘಟ್ಟದ ಮೇಲೆ ರಾತ್ರಿ ಇಬ್ಬನಿ ಬೀಳುತ್ತದೆ, ಒಗೆದ ಹತ್ತಿ ಬಟ್ಟೆ ಬೆಳಗಾದರೂ ಒಣಗುವುದಿಲ್ಲ. ಬೇಗ ಒಣಗುವ ಬಟ್ಟೆಯ ಎರಡು ಜೊತೆ ಸವಾರಿಗೆ, ಸಂಜೆಗೆ ಒಂದು ಅಂಗಿ, ಒಂದು ಹಗುರ ಪ್ಯಾಂಟು, ಪ್ಯಾಡ್ ಇರುವ ಎರಡು ಚಡ್ಡಿ, ಒಂದು ತೆಳು ಸ್ವೆಟರ್ ಸಾಕು. ಒಂದು ತೆಳ್ಳನೆಯ ಪಂಚೆ ಇರಲಿ. ಸ್ನಾನಕ್ಕೆ ಟವೆಲ್, ಮಲಗುವಾಗ ಹೊದಿಕೆ, ಬಟ್ಟೆ ಬದಲಿಸಲು ಮರೆ, ಕೊಲ್ಲೂರಿನ ದೇವಸ್ಥಾನಕ್ಕೆ ಉಡುಪು ಎಲ್ಲವೂ ಅದೇ. ಮಳೆಗಾಲವಲ್ಲವೆಂದು ಮಳೆಯಂಗಿಯನ್ನು ಬಿಡಬೇಡಿ. ಡಿಸೆಂಬರ್‌ನಲ್ಲೂ ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ನಮ್ಮಲ್ಲಿ ಎರಡು ಮೂರು ದಿನ ಮೋಡ, ಜಿಟಿಜಿಟಿ ಮಳೆ ಹಿಡಿಯುವುದುಂಟು. ಮಳೆ ಬಾರದಿದ್ದರೂ ಬೆಳಗಿನ ಮಂಜಿನಲ್ಲಿ ಘಾಟಿ ಇಳಿಯುವಾಗ ಎದೆಗೆ ಬಡಿಯುವ ತಣ್ಣನೆಯ ಗಾಳಿಗೆ ಅದೇ ರಕ್ಷಣೆ. ಚೀಲ ನೀರು ಹೀರದು ಎಂದು ಅಂಗಡಿಯವರು ಹೇಳಿದ್ದರೂ ಒಳಗೆ ದಪ್ಪ ಪ್ಲಾಸ್ಟಿಕ್ ಕವರು ಹಾಕಿ ಬಟ್ಟೆ ತುಂಬಿ. ಭಾರದ ಸಾಮಾನು ಚೀಲದ ತಳದಲ್ಲಿ, ಎರಡೂ ಬದಿ ತೂಕ ಸಮ. ಟ್ಯೂಬು, ಪಂಪು, ಮಳೆಯಂಗಿ ಕೈಗೆ ಮೊದಲು ಸಿಗುವಂತೆ ಮೇಲೆ. ಬೆನ್ನಿಗೆ ಚೀಲ ಹಾಕಿಕೊಂಡು ತುಳಿಯಬೇಡಿ, ಬೆನ್ನಿನ ಭಾರವೆಲ್ಲ ಸೀಟಿನ ಮೇಲೆ ಬೀಳುತ್ತದೆ.

ದಾರಿಯಲ್ಲಿ ಬೆಳಕಿನ ಲೆಕ್ಕ ಮುಖ್ಯ. ಡಿಸೆಂಬರ್ ನಡುವಿನಲ್ಲಿ ನಮ್ಮ ಕಡೆ ಸೂರ್ಯೋದಯ ಆರೂಮುಕ್ಕಾಲರ ಸುಮಾರಿಗೆ, ಸೂರ್ಯಾಸ್ತ ಆರರ ಸುಮಾರಿಗೆ. ಮರಗಳು ಕವಿದ ರಸ್ತೆಯಲ್ಲಿ ಐದೂವರೆಗೇ ಮಬ್ಬು. ಬೆಳಕು ಹರಿದ ಮೇಲೆ ಹೊರಟು ನಾಲ್ಕು ಗಂಟೆಯೊಳಗೆ ಊರು ಸೇರುವುದನ್ನು ಕಡ್ಡಾಯ ಮಾಡಿಕೊಳ್ಳಿ. ಶೆಟ್ಟಿಹಳ್ಳಿ ಕಾಡಿನ ಅಂಚಿನ ರಸ್ತೆಗಳಲ್ಲಿ ಕಾಡುಪ್ರಾಣಿಗಳು ರಸ್ತೆ ದಾಟುವುದು ಮುಂಜಾವಿನಲ್ಲಿ ಮತ್ತು ಮುಸ್ಸಂಜೆಯಲ್ಲಿ. ಹಗಲಿನಲ್ಲೂ ಹಿಂದಿನ ಕೆಂಪು ದೀಪ ಮಿನುಗುತ್ತಿರಲಿ. ಬಿಸಿಲಿನಿಂದ ಮರದ ನೆರಳಿಗೆ ಒಮ್ಮೆಲೇ ನುಗ್ಗುವ ಚಾಲಕನ ಕಣ್ಣಿಗೆ ಕೆಲ ಕ್ಷಣ ಏನೂ ಕಾಣುವುದಿಲ್ಲ, ಆಗ ನಿಮ್ಮನ್ನು ತೋರಿಸಿಕೊಡುವುದು ಆ ದೀಪ ಮಾತ್ರ. ಮರಳುವ ದಿನ ಆನಂದಪುರ ದಾಟಿದ ಮೇಲೆ ರಸ್ತೆಯ ಅಂಚಿನಲ್ಲಿ ಒಣಹಾಕಿದ ಮೆಕ್ಕೆಜೋಳ ಎದುರಾಗಬಹುದು. ಕಾಳಿನ ಮೇಲೆ ಬ್ರೇಕ್ ಹಿಡಿದರೆ ಚಕ್ರ ಜಾರುತ್ತದೆ. ಮುಂಚೆಯೇ ವೇಗ ಇಳಿಸಿ, ಹಿಂದೆ ನೋಡಿ, ನೇರವಾಗಿ ದಾಟಿ.

ಆಗುಂಬೆ ಇಳಿಯುವಾಗ ಮಂಜು ಕವಿದಿದ್ದರೆ ಅದು ಕರಗುವ ತನಕ ಊರಿನಲ್ಲೇ ಕಾಯಿರಿ. ಹೊರಡುವ ಮುನ್ನ ಎರಡೂ ಬ್ರೇಕಿನ ಪ್ಯಾಡ್ ಎಷ್ಟು ಉಳಿದಿದೆ ಎಂದು ನೋಡಿ. ಇಡೀ ಇಳಿಜಾರು ಬ್ರೇಕನ್ನು ಸವರುತ್ತಾ ಇಳಿಯಬಾರದು, ಹಾಗೆ ಮಾಡಿದರೆ ಡಿಸ್ಕ್ ಕಾದು ಹಿಡಿತ ಕಡಿಮೆಯಾಗುತ್ತದೆ. ತಿರುವಿಗೆ ಮುಂಚೆ, ಸೈಕಲ್ ನೆಟ್ಟಗಿರುವಾಗಲೇ, ಎರಡೂ ಬ್ರೇಕನ್ನು ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ತಿರುವಿನಲ್ಲಿ ಹೊರಗಿನ ಪೆಡಲ್ ಕೆಳಗಿಟ್ಟು ಬ್ರೇಕ್ ಬಿಟ್ಟು ಹೊರಳಿ. ಮೂರು ನಾಲ್ಕು ತಿರುವಿಗೊಮ್ಮೆ ಅಗಲ ಜಾಗ ನೋಡಿ ನಿಂತು ಬ್ರೇಕ್ ಆರಲು ಬಿಡಿ. ಡಿಸ್ಕನ್ನು ಬೆರಳಿನಿಂದ ಮುಟ್ಟಬೇಡಿ, ಸುಡುತ್ತದೆ. ಕೆಳಗಿನಿಂದ ಬರುವ ಬಸ್ಸಿಗೆ ತಿರುವಿನ ಇಡೀ ಅಗಲ ಬೇಕು. ಹಾರನ್ ಕೇಳಿದ ಕೂಡಲೇ ತಿರುವಿಗೆ ಮುಂಚೆಯೇ, ಅದರ ಮೇಲ್ಗಡೆ ನಿಂತು ಬಸ್ಸು ಹಾದುಹೋಗಲು ಬಿಡಿ. ಮಂಗಗಳಿರುವ ಕಡೆ ತಿಂಡಿಯ ಚೀಲ ಬಿಚ್ಚಬೇಡಿ.

ಇನ್ನು ನಿಮ್ಮ ಅಮ್ಮನ ಮಾತು. ಅವರಿಗೆ ಧೈರ್ಯ ಹೇಳುವುದಕ್ಕಿಂತ ಮಾಹಿತಿ ಕೊಡುವುದು ಒಳ್ಳೆಯದು. ಒಂದು ಹಾಳೆಯಲ್ಲಿ ದಿನಾಂಕ, ಹೊರಡುವ ಊರು, ಸೇರುವ ಊರು, ದಾರಿಯ ಮುಖ್ಯ ಹಳ್ಳಿಗಳು, ಲಾಡ್ಜಿನ ಹೆಸರು ಮತ್ತು ಫೋನ್ ಸಂಖ್ಯೆ ಬರೆದು ಕೊಡಿ. ಘಾಟಿಗಳಲ್ಲಿ, ನಿಟ್ಟೂರು–ನಗರದ ಸುತ್ತಮುತ್ತ ಗಂಟೆಗಟ್ಟಲೆ ನೆಟ್‌ವರ್ಕ್ ಇರುವುದಿಲ್ಲ ಎಂಬುದನ್ನು ಮೊದಲೇ ಹೇಳಿ. ಇಲ್ಲದಿದ್ದರೆ ಫೋನ್ ಹತ್ತದ ಪ್ರತಿ ಸಲವೂ ಅವರು ಕಂಗಾಲಾಗುತ್ತಾರೆ. ದಿನಕ್ಕೆ ಎರಡು ಕರೆ ಎಂದು ನಿಶ್ಚಯಿಸಿ, ಹೊರಡುವಾಗ ಒಂದು, ರೂಮು ಸೇರಿದ ಮೇಲೆ ಒಂದು. ಸಂಜೆ ಆರರ ತನಕ ಕರೆ ಬಾರದಿದ್ದರೆ ಲಾಡ್ಜಿಗೆ ಫೋನ್ ಮಾಡುವುದು, ಎಂಟರ ತನಕ ಸುಳಿವಿಲ್ಲದಿದ್ದರೆ 112ಕ್ಕೆ ತಿಳಿಸುವುದು ಎಂದು ಅವರ ಕೈಯಲ್ಲೂ ಒಂದು ಕ್ರಮ ಇರಲಿ. ಆ ಹಾಳೆಯ ಒಂದು ಪ್ರತಿ ನಿಮ್ಮ ಜೇಬಿನಲ್ಲೂ ಇರಬೇಕು, ಹಿಂಬದಿಯಲ್ಲಿ ನಿಮ್ಮ ರಕ್ತದ ಗುಂಪು, ಮನೆಯ ಸಂಖ್ಯೆ, ಆಗದ ಔಷಧಿಯ ಹೆಸರು ಬರೆದಿರಿ. ನಕ್ಷೆಯನ್ನು ನೆಟ್‌ವರ್ಕ್ ಇಲ್ಲದೆಯೂ ತೆರೆಯುವಂತೆ ಮೊಬೈಲಿಗೆ ಇಳಿಸಿಕೊಳ್ಳಿ. ಅದೇ ಕಾರಣಕ್ಕೆ ಯುಪಿಐ ನಂಬಿ ಕೂರದೆ ನೂರು, ಐವತ್ತರ ನೋಟುಗಳನ್ನು ಎರಡು ಕಡೆ ಹಂಚಿಡಿ.

ಹೊರಡುವ ಮುನ್ನ ಒಂದು ಶನಿವಾರ, ಭಾನುವಾರ ಒಯ್ಯಬೇಕೆಂದಿರುವ ಹೊರೆಯನ್ನೆಲ್ಲ ಕಟ್ಟಿಕೊಂಡು ಎರಡೂ ದಿನ ಮಂಡಗದ್ದೆಗೆ ಹೋಗಿ ಬನ್ನಿ, ದಿನಕ್ಕೆ ಸುಮಾರು 60 ಕಿ.ಮೀ. ಮೊದಲ ದಿನ ಎಲ್ಲರಿಗೂ ಚೆನ್ನಾಗಿಯೇ ಇರುತ್ತದೆ. ಎರಡನೆಯ ದಿನ ಬೆಳಗ್ಗೆ ಸೀಟಿನ ಮೇಲೆ ಕೂತಾಗ ಸಿಗುವ ಉತ್ತರವೇ ನಿಜವಾದದ್ದು. ಮಂಡಿಯ ಮುಂಭಾಗ ನೋಯುತ್ತಿದ್ದರೆ ಸೀಟು ತಗ್ಗಾಗಿದೆ ಎಂದುಕೊಂಡು ಸ್ವಲ್ಪ ಏರಿಸಿ ನೋಡಿ, ಹಿಂಭಾಗ ನೋಯುತ್ತಿದ್ದರೆ ಸ್ವಲ್ಪ ಇಳಿಸಿ. ಚೀಲಕ್ಕೆ ಹಿಮ್ಮಡಿ ತಾಗಿದರೆ ಚೀಲವನ್ನು ಹಿಂದಕ್ಕೆ ಸರಿಸಿ. ಆ ಎರಡು ದಿನದಲ್ಲಿ ಚೀಲದಿಂದ ಹೊರಗೇ ಬಾರದ ವಸ್ತುಗಳನ್ನು ಬೇರೆ ಇಟ್ಟು ನೋಡಿ. ರಿಪೇರಿ ಸಾಮಾನು, ಔಷಧಿ, ಮಳೆಯಂಗಿ ಬಿಟ್ಟು ಉಳಿದದ್ದನ್ನೆಲ್ಲ ಮನೆಯಲ್ಲೇ ಬಿಡಬಹುದು.

ಕೊನೆಯದಾಗಿ, ನಡುವೆ ಎಲ್ಲಾದರೂ ಸವಾರಿ ನಿಲ್ಲಿಸಬೇಕಾಗಿ ಬಂದರೆ ಮರಳುವ ದಾರಿ. ಈ ಸುತ್ತಿನ ಎಲ್ಲ ಊರುಗಳಿಂದ ಶಿವಮೊಗ್ಗಕ್ಕೆ ನೇರವಾಗಿಯೋ ಬದಲಿಸಿಕೊಂಡೋ ಬಸ್ಸಿದೆ. ಹಿಂದಿನ ಡಿಕ್ಕಿಯಲ್ಲಿ ಜಾಗವಿದ್ದು ಕಂಡಕ್ಟರ್ ಒಪ್ಪಿದರೆ ಮುಂದಿನ ಚಕ್ರ ಬಿಚ್ಚಿ, ಲಗೇಜ್ ಟಿಕೆಟ್ ಪಡೆದು ಸೈಕಲ್ ತರಬಹುದು. ಸಾಗರದಿಂದ ರೈಲೂ ಇದೆ, ಆದರೆ ಎಲ್ಲ ರೈಲುಗಳಲ್ಲಿ, ಎಲ್ಲ ನಿಲ್ದಾಣಗಳಲ್ಲಿ ಸೈಕಲ್ ಬುಕ್ ಮಾಡಿಕೊಳ್ಳುವುದಿಲ್ಲ. ಯಾವ ರೈಲಿನಲ್ಲಿ ಆಗುತ್ತದೆ, ಎಷ್ಟು ಹೊತ್ತು ಮುಂಚೆ ಬರಬೇಕು, ಯಾವ ಗುರುತಿನ ಪತ್ರ ಬೇಕು ಎಂದು ಹೊರಡುವ ಮುನ್ನವೇ ಶಿವಮೊಗ್ಗ ನಿಲ್ದಾಣದ ಪಾರ್ಸೆಲ್ ಕಚೇರಿಯಲ್ಲಿ ವಿಚಾರಿಸಿ, ಉತ್ತರವನ್ನು ಅಮ್ಮನಿಗೆ ಕೊಡುವ ಅದೇ ಹಾಳೆಯ ಕೆಳಗೆ ಬರೆದಿಡಿ.